ಒದ್ದೆಕಡ್ಡಿಯ ಗಣಪ

ಕೆಲವರು ನೆಲ ಅಳೆಯುತ್ತಾರೆ, ಕೆಲವರು ಹಾಲು ಅಳೆಯುತ್ತಾರೆ, ಎರಡೂ ಸಿಗದವರು ನೆರೆಮನೆಯವರ ಯೋಗ್ಯತೆ ಅಳೆಯುತ್ತಾರೆ. ಇಡಗುಂದಿಯ ಗಣಪ ಇಪ್ಪತ್ತನಾಲ್ಕು ವರ್ಷಗಳಿಂದ ಅಳೆಯುತ್ತ ಬಂದದ್ದು ಕಣ್ಣಿಗೆ ಕಾಣದ, ಕೈಗೆ ಸಿಗದ, ವಾಸನೆಯೂ ಇಲ್ಲದ ಒಂದು ವಸ್ತುವನ್ನು. ಗಾಳಿಯೊಳಗಿನ ನೀರಾವಿಯನ್ನು. ಬೆಳಿಗ್ಗೆ ಎಂಟೂವರೆಗೊಮ್ಮೆ, ಸಂಜೆ ಐದೂವರೆಗೊಮ್ಮೆ. ಗಡಿಯಾರ ಕೆಟ್ಟ ಮನೆಯವರು ಗಣಪ ಬೇಲಿಯ ಗೇಟು ತೆಗೆಯುವ ಸದ್ದು ಕೇಳಿ ಮುಳ್ಳು ಸರಿಮಾಡಿಕೊಳ್ಳುತ್ತಿದ್ದರು. ಅವನು ಗೇಟಿನೊಳಗೆ ಹೋಗಿ ಮಾಡುವುದೇನು ಎಂಬುದು ಮಾತ್ರ ಯಾರಿಗೂ ಬೇಕಾಗಿರಲಿಲ್ಲ.

ಯಲ್ಲಾಪುರದಿಂದ ಅಂಕೋಲೆಯ ಕಡೆ ಹೋಗುವ ಹೆದ್ದಾರಿಯಲ್ಲಿ, ಲಾರಿಗಳು ಘಟ್ಟ ಇಳಿಯುವ ಮುಂಚೆ ಬ್ರೇಕು ಮುಟ್ಟಿ ನೋಡಿಕೊಳ್ಳುವ ಜಾಗದ ಹತ್ತಿರ ಒಂದು ಸಸಿ ಬೆಳೆಸುವ ಕೇಂದ್ರ ಇದೆ. ಅದರ ಮೂಲೆಯಲ್ಲಿ ತಂತಿಬೇಲಿ, ಬೇಲಿಯ ನಡುವೆ ನಾಲ್ಕು ಕಾಲಿನ ಮೇಲೆ ನಿಂತ ಒಂದು ಬಿಳಿ ಪೆಟ್ಟಿಗೆ. ಅದರ ಗೋಡೆಗಳೆಲ್ಲ ಓರೆಯಾಗಿ ಜೋಡಿಸಿದ ಹಲಗೆ. ಗಾಳಿ ಒಳಗೆ ಬರಬೇಕು, ಬಿಸಿಲು ಬರಬಾರದು. ದಾರಿಹೋಕರು ಅದನ್ನು ಜೇನುಪೆಟ್ಟಿಗೆ ಎಂದುಕೊಂಡು ದೂರದಿಂದಲೇ ಕೈಮುಗಿದು ಹೋಗುತ್ತಾರೆ. ಆ ತಪ್ಪು ತಿಳುವಳಿಕೆ ಪೆಟ್ಟಿಗೆಯನ್ನು ಬೀಗಕ್ಕಿಂತ ಚೆನ್ನಾಗಿ ಕಾದಿದೆ.

ಒಳಗೆ ಅಕ್ಕಪಕ್ಕ ಎರಡು ಉಷ್ಣಮಾಪಕಗಳು. ಗಣಪನ ಬಾಯಲ್ಲಿ ಅವು ಒಣಕಡ್ಡಿ, ಒದ್ದೆಕಡ್ಡಿ. ಒಣಕಡ್ಡಿ ಸುಮ್ಮನೆ ಗಾಳಿಯ ಬಿಸಿ ಹೇಳುತ್ತದೆ. ಒದ್ದೆಕಡ್ಡಿಯ ಬುಡಕ್ಕೆ ತೆಳ್ಳಗಿನ ಹತ್ತಿಬಟ್ಟೆಯ ಬತ್ತಿ ಸುತ್ತಿದೆ. ಬತ್ತಿಯ ತುದಿ ಕೆಳಗಿನ ಪುಟ್ಟ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ಗಣಪ ಮೊದಲು ಅಲ್ಲಿಗೆ ಬಂದದ್ದು ಸಸಿಗಳಿಗೆ ನೀರು ಹಾಕುವ ಕೆಲಸಕ್ಕೆ. ಆಗ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವರು ಶಾಂತಾರಾಮ ಮಾಸ್ತರು. ನಿವೃತ್ತರಾಗಿ ಸಿದ್ದಾಪುರಕ್ಕೆ ಹೊರಡುವ ಮುಂಚೆ ಅವರು ಗಣಪನನ್ನು ಕರೆದು ವಿದ್ಯೆ ದಾಟಿಸಿದರು.

“ಗಾಳಿಗೆ ಬಾಯಾರಿಕೆ ಇರ್ತದೆ ಗಣಪ. ಒಣಗಾಳಿ ಬತ್ತಿಯಿಂದ ನೀರು ಕುಡೀತದೆ. ನೀರು ಆವಿಯಾಗಿ ಹೋಗುವಾಗ ಬಿಸಿನೂ ಎತ್ಕೊಂಡು ಹೋಗ್ತದೆ. ಅದಕ್ಕೇ ಒದ್ದೆಕಡ್ಡಿ ತಣ್ಣಗಾಗಿ ಕೆಳಗಿಳೀತದೆ. ಎರಡರ ನಡುವೆ ಎಷ್ಟು ಅಂತರವೋ ಅಷ್ಟು ಬಾಯಾರಿಕೆ.”

“ಹೊಟ್ಟೆ ತುಂಬಿದ್ರೆ?”

“ಗಾಳಿ ಕುಡಿಯೂದಿಲ್ಲ. ಎರಡೂ ಕಡ್ಡಿ ಸಮ. ಅದಕ್ಕೆ ನೂರು ಅಂತ ಹೆಸರು.”

ಇಷ್ಟೇ ಪಾಠ. ಬೇರೆಯವರು ಇದನ್ನು ಕಲಿಯುವುದಕ್ಕೆ ಪದವಿ ಪಡೆದು ಪಟ್ಟಣ ಸೇರುತ್ತಾರಂತೆ. ಗಣಪ ಸಗಣಿಗೊಬ್ಬರದ ಬುಟ್ಟಿ ಕೆಳಗಿಟ್ಟು, ಕೈ ತೊಳೆದು ಕಲಿತ. ಅಂದಿನಿಂದ ಅವನ ಅಳತೆ ಬರೆಯುವ ವಹಿಯಲ್ಲಿ ಒಂದು ದಿನವೂ ಖಾಲಿ ಇಲ್ಲ. ಮಗಳು ಭೂಮಿಕಾಳ ಮದುವೆ ಸಿದ್ದಾಪುರದಲ್ಲಿ ಆದಾಗ ಬೆಳಗಿನ ಅಳತೆ ಮುಗಿಸಿ ಬೈಕಿನಲ್ಲಿ ಹೋಗಿ ಮುಹೂರ್ತಕ್ಕೆ ಮುಟ್ಟಿದ. ಧಾರೆ ಎರೆದ ಕೈ ಒಣಗುವ ಮೊದಲೇ ವಾಪಸು ಹೊರಟ.

“ಅಪ್ಪಾ, ಒಂದಿನ ಗಾಳಿ ತನ್ನ ಪಾಡಿಗೆ ತಾನು ಇರ್ಲಿ ಬಿಡಾ,” ಎಂದು ಮಗಳು ಬಾಸಿಂಗ ಕಟ್ಟಿಕೊಂಡೇ ಅತ್ತಳು.

“ಗಾಳಿ ಇರ್ತದೆ ಮಗಾ. ವಹಿ ಇರೂದಿಲ್ಲ,” ಎಂದನಂತೆ. ಬೀಗರು ಇವನಿಗೆ ಸರ್ಕಾರದಲ್ಲಿ ಬಹಳ ದೊಡ್ಡ ಹುದ್ದೆ ಇರಬೇಕೆಂದು ತಿಳಿದರು. ಇವನು ದಿನಗೂಲಿಯವ ಎಂದು ಅವರಿಗೆ ಗೊತ್ತಾಗುವಷ್ಟರಲ್ಲಿ ಮಗಳಿಗೆ ಮಗುವಾಗಿತ್ತು.

ಗಣಪನ ಹೆಂಡತಿ ದುರ್ಗಿಗೆ ಈ ಪೆಟ್ಟಿಗೆಯನ್ನು ಕಂಡರೆ ಸವತಿಯನ್ನು ಕಂಡ ಹಾಗೆ. “ನನ್ನ ಬಾಯಿ ಒಣಗಿದ್ದು ಇವ್ರಿಗೆ ಒಂದಿನ ಕಂಡದ್ದಿಲ್ಲ, ಗಾಳಿ ಬಾಯಿ ಒಣಗಿದ್ರೆ ಮಾತ್ರ ಓಡ್ತ್ರು,” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೇಳುತ್ತಲೇ ತನ್ನ ಹಳೆಯ ಹತ್ತಿಸೀರೆಯ ಮೆತ್ತನೆ ಭಾಗ ಕತ್ತರಿಸಿ, ಬೇಯಿಸಿ, ಗಂಜಿ ಬಿಡಿಸಿ ವಾರಕ್ಕೊಂದು ಬತ್ತಿ ಮಾಡಿಕೊಡುತ್ತಿದ್ದಳು. ಬಾಟಲಿಗೆ ನೀರು ತುಂಬುವವಳೂ ಅವಳೇ. ಬಾವಿಯ ನೀರಾದರೆ ಬತ್ತಿಯಲ್ಲಿ ಸುಣ್ಣ ಕೂರುತ್ತದೆಂದು ಸ್ವಾತಿ ಮಳೆಯ ನೀರನ್ನು ಬಾಟಲಿಗಳಲ್ಲಿ ಹಿಡಿದಿಟ್ಟುಕೊಂಡಿದ್ದಳು. ಸ್ವಾತಿ ನೀರು ಕೆಡುವುದಿಲ್ಲ ಎಂದು ಅವಳ ಅತ್ತೆ ಹೇಳಿದ್ದರು. ಅತ್ತೆಯ ಉಳಿದ ಮಾತು ಒಂದನ್ನೂ ದುರ್ಗಿ ಒಪ್ಪಿದವಳಲ್ಲ.

ಊರಿನಲ್ಲಿ ಗಣಪನ ವಿದ್ಯೆಗೆ ಇದ್ದ ಮರ್ಯಾದೆ ತಿಳಿಯಬೇಕಾದರೆ ಹೆದ್ದಾರಿ ಬದಿಯ ಪ್ರಮೋದನ ಚಾದಂಗಡಿಗೆ ಹೋಗಬೇಕು. ಬೆಳಗಿನ ಅಳತೆ ಮುಗಿಸಿ ಗಣಪ ಅಲ್ಲಿಗೆ ಬಂದರೆ ಪ್ರಮೋದ ಒಲೆಯ ಮೇಲಿನ ಕೆಟಲು ತೋರಿಸುತ್ತಿದ್ದ.

“ಬಂತು ನೋಡು ಗಣಪಣ್ಣ ಆವಿ. ಅಳತೆ ಮಾಡು.”

“ಅದು ಆವಿ ಅಲ್ಲಾ ಮಾರಾಯ. ಬೆಳ್ಳಗೆ ಕಾಂಬೂದು ನೀರಿನ ಹನಿ. ಕೆಟಲಿನ ಬಾಯಿಗೂ ಆ ಬಿಳೀದಕ್ಕೂ ನಡುವೆ ಒಂದು ಬೆರಳು ಜಾಗ ಖಾಲಿ ಕಾಣ್ತದಲ್ಲ, ಅಲ್ಲಿದ್ದದ್ದು ಆವಿ.”

ಎಲ್ಲರೂ ಬಗ್ಗಿ ಖಾಲಿ ಜಾಗ ನೋಡಿದರು. ನಿಜವಾಗಿಯೂ ಏನೂ ಕಾಣಲಿಲ್ಲ.

“ಅಂದ್ರೆ ನಿಂಗೆ ಸಂಬಳ ಕೊಡೂದು ಈ ಖಾಲಿ ಜಾಗಕ್ಕಾ?” ಎಂದ ಪ್ರಮೋದ.

ಘಟ್ಟದಲ್ಲಿ ಮಂಜು ಮುಸುಕಿ ಲಾರಿಗಳು ದೀಪ ಹಾಕಿಕೊಂಡು ನಿಂತ ದಿನ “ಇವತ್ತು ಗಾಳಿ ಭಾರ ಆಗ್ಯದೆ” ಎಂದು ಒಬ್ಬ ಡ್ರೈವರು ಹೇಳಿದ. ಗಣಪ ತಡೆಯಲಾರದೆ, “ಭಾರ ಅಲ್ಲ, ಆವಿ ತುಂಬಿದ ಗಾಳಿ ಒಣಗಾಳಿಗಿಂತ ಹಗುರ. ಹಗುರ ಆದ್ದಕ್ಕೇ ಮೇಲೆ ಹೋಗ್ತದೆ, ಮೇಲೆ ಹೋದ ಮೇಲೆ ಮೋಡ ಆಗ್ತದೆ,” ಎಂದ. ಒದ್ದೆ ಕಂಬಳಿ ಒಣ ಕಂಬಳಿಗಿಂತ ಹಗುರ ಎಂದು ಹೇಳಿದ್ದರೂ ಜನ ಅಷ್ಟು ನಗುತ್ತಿರಲಿಲ್ಲ. ಮಾಸ್ತರು ಹೇಳಿಕೊಟ್ಟದ್ದು ಸತ್ಯವೇ. ಆದರೆ ಸತ್ಯಕ್ಕೆ ಒಂದು ಕೆಟ್ಟ ಅಭ್ಯಾಸ ಇದೆ. ಅದು ಕೇಳುವವನ ಅನುಭವಕ್ಕೆ ಕಾಯದೆ ನುಗ್ಗಿಬಿಡುತ್ತದೆ.

ಹೀಗಿರುವಾಗ ಹೋದ ವರ್ಷ ಮೇ ತಿಂಗಳಲ್ಲಿ ಯಂತ್ರ ಬಂತು. ಇಬ್ಬರು ಹುಡುಗರು ಜೀಪಿನಿಂದ ಇಳಿದು, ಪೆಟ್ಟಿಗೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಕಂಬ ನೆಟ್ಟರು. ಕಂಬದ ತಲೆಯಲ್ಲಿ ಸೌರಫಲಕ, ನಡುವಿನಲ್ಲಿ ಬಿಳಿ ತಟ್ಟೆಗಳನ್ನು ಒಂದರ ಮೇಲೊಂದು ಮಗುಚಿಟ್ಟ ಹಾಗೆ ಒಂದು ಗೂಡು, ಕೆಳಗೆ ಸಣ್ಣ ಪರದೆ. ತಟ್ಟೆಗಳ ಒಳಗಿರುವ ಬೆರಳುದ್ದದ ಕಣ್ಣು ಕಾಲು ಗಂಟೆಗೊಮ್ಮೆ ಗಾಳಿಯ ತೇವ ನೋಡಿ ದೂರದ ಕಚೇರಿಗೆ ತಾನೇ ಕಳಿಸುತ್ತದಂತೆ. ಪ್ರಮೋದ ತೆಂಗಿನಕಾಯಿ ಒಡೆದ. ಇಪ್ಪತ್ತನಾಲ್ಕು ವರ್ಷದಲ್ಲಿ ಗಣಪನ ಪೆಟ್ಟಿಗೆಗೆ ಯಾರೂ ಕಾಯಿ ಒಡೆದಿರಲಿಲ್ಲ.

ಯಂತ್ರದ ಜೊತೆ ಒಂದು ಪತ್ರವೂ ಬಂದಿತ್ತು. ಒಂದು ಮಳೆಗಾಲ ಎರಡೂ ಜೊತೆಯಲ್ಲಿ ನಡೆಯಬೇಕು. ಪೆಟ್ಟಿಗೆಯ ಅಂಕಿಯನ್ನು ದಿನವೂ ಮೊಬೈಲಿನಲ್ಲಿ ಕಚೇರಿಗೆ ಕಳಿಸಬೇಕು. ಪೆಟ್ಟಿಗೆಯ ಅಂಕಿ ಯಂತ್ರದ ಅಂಕಿಗೆ ಹೊಂದಿದರೆ, ಯಂತ್ರದ ತಪ್ಪು ಕಂಡುಹಿಡಿಯುವುದಕ್ಕೆಂದು ಪೆಟ್ಟಿಗೆಯನ್ನು ಉಳಿಸಿಕೊಳ್ಳಲಾಗುವುದು. ಹೊಂದದಿದ್ದರೆ ತೆಗೆಯಲಾಗುವುದು. ಪತ್ರವನ್ನು ಗಣಪ ಮೂರು ಸಲ ಓದಿದ. ತಪ್ಪು ಹಿಡಿಯುವವನು ಎಂದೂ ತಪ್ಪು ಹಿಡಿಯದಿದ್ದರೆ ಮಾತ್ರ ಕೆಲಸದಲ್ಲಿ ಉಳಿಯುತ್ತಾನೆ ಎಂಬ ಈ ನ್ಯಾಯ ಅವನಿಗೆ ಅರ್ಥವಾಗಲಿಲ್ಲ. ಪೆಟ್ಟಿಗೆ ಹೋಗಬಹುದು ಎಂಬುದು ಅರ್ಥವಾಯಿತು.

ಜೂನ್ ಸುಸೂತ್ರವಾಗಿ ನಡೆಯಿತು. ಮೃಗಶಿರ, ಆರಿದ್ರ ಮಳೆ ಹಿಡಿದು ಹೊಡೆದವು. ಎರಡೂ ಕಡ್ಡಿ ಅವಳಿ ಮಕ್ಕಳ ಹಾಗೆ ಸಮವಾಗಿ ನಿಂತವು; ಗಣಪನದೂ ನೂರು, ಯಂತ್ರದ್ದೂ ನೂರು. ಪುನರ್ವಸು ಮಳೆ ನಡುವೆ ನಾಲ್ಕು ದಿನ ಬಿಡುವು ಕೊಟ್ಟಿತು. ಒದ್ದೆಕಡ್ಡಿ ಇಳಿಯಿತು. ಗಣಪ ಅಂತರವನ್ನು ನೂರರ ಲೆಕ್ಕಕ್ಕೆ ತರುವ ಕೋಷ್ಟಕ ನೋಡಿ ತೊಂಬತ್ತೊಂದು ಎಂದು ಬರೆದ. ಯಂತ್ರದ ಪರದೆಯಲ್ಲಿ ನೂರು. ಮರುದಿನ ಎಂಬತ್ತೆಂಟು. ಯಂತ್ರ ನೂರು.

ಅವನ ಮೊಬೈಲಿಗೆ ಕಚೇರಿಯ ಸಂದೇಶ ಬಂತು: ‘ನಿಮ್ಮ ಅಂಕಿ ಹೊಂದುತ್ತಿಲ್ಲ. ಬತ್ತಿ ಪರೀಕ್ಷಿಸಿ.’

ದುರ್ಗಿ ಬೈಯುತ್ತ ಹೊಸ ಬತ್ತಿ ಮಾಡಿದಳು. ಗಣಪ ಬಾಟಲಿ ತೊಳೆದ, ಕಡ್ಡಿ ಒರೆಸಿದ, ಹಲಗೆಯ ಸಂದಿಯ ಜೇಡರ ಬಲೆ ತೆಗೆದ. ಸಂಜೆ ನೋಡಿದರೆ ತೊಂಬತ್ತು. ಯಂತ್ರ ನೂರು. ಎರಡನೆಯ ಸಂದೇಶ ಬಂತು.

ಚಾದಂಗಡಿಯಲ್ಲಿ ಇದು ಸುದ್ದಿಯಾಯಿತು. ಊರು ಸಾರಾಸಗಟಾಗಿ ಯಂತ್ರದ ಪಕ್ಷ ಸೇರಿತು.

“ಅಲ್ಲ ಗಣಪಣ್ಣ, ಮಳೆಗಾಲದಲ್ಲಿ ಗಾಳಿ ಒದ್ದೆ ಇರೂದಿಲ್ಲ ಹೇಳ್ತ್ಯಲ್ಲ, ನಿಂಗೆ ಎಂತಾ ಆಯ್ದು?”

“ಒದ್ದೆ ಇಲ್ಲ ಹೇಳಿದ್ದಿಲ್ಲ. ಪೂರ್ತಿ ಹೊಟ್ಟೆ ತುಂಬಿದ್ದಿಲ್ಲ ಹೇಳ್ತೆ. ಮಳೆ ಬಂದ್ರೂ ಒಂದೊಂದು ಸಲ ತುಂಬಿರೂದಿಲ್ಲ. ಹನಿ ಮೇಲಿಂದ ಬೀಳ್ತದೆ, ಕೆಳಗಿನ ಗಾಳಿ ಬೇರೆ.”

“ಯಂತ್ರಕ್ಕೆ ಲಕ್ಷಗಟ್ಟಲೆ ಸುರಿದ್ರಂತೆ. ನಿನ್ನ ಕಡ್ಡಿಗೆ ದುರ್ಗಕ್ಕನ ಹಳೇ ಸೀರೆ,” ಎಂದು ಪ್ರಮೋದ ಗಾಜಿನ ಲೋಟ ಮುಂದೆ ತಳ್ಳಿದ. “ನಾ ಒಂದು ಮಾತು ಹೇಳ್ತೆ, ಸಿಟ್ಟು ಮಾಡ್ಬೇಡ. ದೊಡ್ಡವ್ರು ನೂರು ಅಂದ್ರೆ ನಾವೂ ನೂರು ಅನ್ನೂದು. ನಿಂಗೆ ಪೆಟ್ಟಿಗೆ ಬೇಕಾ, ಎಂಬತ್ತೆಂಟು ಬೇಕಾ?”

ಗಣಪ ಚಾ ಕುಡಿಯದೆ ಎದ್ದುಹೋದ. ಮಾತು ಮಾತ್ರ ಅವನ ಜೊತೆಗೇ ಹೋಯಿತು.

ಮೂರನೆಯ ಸಂದೇಶ ಬಂದದ್ದು ಮಘೆ ಮಳೆ ಹುಟ್ಟಿದ ಮರುದಿನ: ‘ವ್ಯತ್ಯಾಸ ಮುಂದುವರಿದರೆ ಕೈವೀಕ್ಷಣೆ ನಿಲ್ಲಿಸಲಾಗುವುದು.’ ಅಂದು ಸಂಜೆ ಗಣಪ ಪೆಟ್ಟಿಗೆಯ ಬಾಗಿಲು ತೆಗೆದ. ಒಣಕಡ್ಡಿ ಓದಿದ: ಇಪ್ಪತ್ತನಾಲ್ಕು. ಯಂತ್ರದ ಕಡೆ ಕತ್ತು ತಿರುಗಿಸಿದ: ನೂರು. ನೂರು ಅಂದರೆ ಎರಡೂ ಕಡ್ಡಿ ಸಮ. ಒದ್ದೆಕಡ್ಡಿಯ ಮನೆಯಲ್ಲೂ ಇಪ್ಪತ್ತನಾಲ್ಕು ಎಂದು ಬರೆದು ಬಾಗಿಲು ಹಾಕಿದ. ಸುಳ್ಳು ಹೇಳುವುದು ಕಷ್ಟ ಎಂದು ಅವನು ತಿಳಿದಿದ್ದ. ಹಾಗೇನೂ ಇರಲಿಲ್ಲ. ಒಂದು ಕಡ್ಡಿ ನೋಡದಿದ್ದರೆ ಆಯಿತು. ಕೆಲಸ ಅರ್ಧ ಉಳಿಯಿತು.

ಆ ಮೇಲೆ ಸಂದೇಶಗಳು ನಿಂತವು. ಒಂದು ವಾರ ಬಿಟ್ಟು ಕಚೇರಿಯಿಂದ ಹೆಬ್ಬೆರಳು ಎತ್ತಿದ ಚಿತ್ರವೊಂದು ಬಂತು. ಇಪ್ಪತ್ತನಾಲ್ಕು ವರ್ಷದಲ್ಲಿ ಅವನಿಗೆ ಬಂದ ಮೊದಲ ಶಹಬಾಸ್‌ಗಿರಿ ಅದು. ಅವನು ಅದನ್ನು ದುರ್ಗಿಗೆ ತೋರಿಸಲಿಲ್ಲ.

ಇಪ್ಪತ್ತೊಂದು ದಿನ ಹೀಗೆ ನಡೆಯಿತು. ಚೌತಿಯ ದಿನ, ತನ್ನ ಹೆಸರಿನ ದೇವರು ಮನೆಗೆ ಬಂದು ಮಂಟಪದಲ್ಲಿ ಕೂತಿದ್ದಾಗಲೂ ಗಣಪ ಹೋಗಿ ನೂರು ಬರೆದು ಬಂದು ಕಡುಬು ತಿಂದ. ಹುಬ್ಬೆ ಮಳೆಯ ಶುರುವಿನಲ್ಲಿ ಬಿಸಿಲು ಬಂತು. ಊರಿನ ಬಟ್ಟೆಯೆಲ್ಲ ತಂತಿಯ ಮೇಲೆ ಬಂತು. ಗಣಪನದೇ ಲುಂಗಿ ಕೇಂದ್ರದ ತಂತಿಬೇಲಿಯ ಮೇಲೆ ಪಟಪಟ ಒಣಗುತ್ತಿತ್ತು. ಅದರ ಎದುರು ನಿಂತು ಅವನು ಗಾಳಿ ಒಂದು ಹನಿ ನೀರನ್ನೂ ಕುಡಿಯಲಾರದಷ್ಟು ತುಂಬಿದೆ ಎಂದು ಬರೆದ. ಲುಂಗಿ ಒಣಗಿತು.

ಮನೆಯಲ್ಲಿ ದುರ್ಗಿಗೆ ಅನುಮಾನ ಬಂದದ್ದು ಬೇರೆ ದಾರಿಯಿಂದ. “ಹೋಯ್, ನೀವು ಈಗೀಗ ಬೇಗ ಬತ್ರಿ. ಮೊದಲು ಹೋದ್ರೆ ಒಂದು ಎಲೆ ಅಡಿಕೆ ಹಾಕಿ ಉಗುಳೂ ತನಕ ಬರೂದಿಲ್ಲಾಗಿತ್ತು. ಎಂತಾ ಆಯ್ತು, ಸವತಿ ಮೇಲೆ ಮನಸಿಲ್ಲಾ?”

“ಅಧಿಕಪ್ರಸಂಗ ಮಾಡ್ಬೇಡ. ಅಭ್ಯಾಸ ಆಯ್ತು, ಬೇಗ ಆಗ್ತದೆ,” ಎಂದ ಗಣಪ. ಇಪ್ಪತ್ತನಾಲ್ಕು ವರ್ಷ ಆಗದ ಅಭ್ಯಾಸ ಇಪ್ಪತ್ತೊಂದು ದಿನದಲ್ಲಿ ಆದದ್ದು ಹೇಗೆಂದು ಅವಳು ಕೇಳಲಿಲ್ಲ.

ಸೆಪ್ಟೆಂಬರ್ ಎಂಟನೆಯ ತಾರೀಖು ಬೆಳಿಗ್ಗೆ, ಅಳತೆಯ ಹೊತ್ತಿಗೆ ಇನ್ನೂ ಅರ್ಧ ಗಂಟೆ ಇರುವಾಗ ಜೀಪು ಬಂತು. ಇಳಿದವಳು ಮೇಧಾ, ಕಚೇರಿಯ ಹೊಸ ವಿಜ್ಞಾನಿ. ಶಿರಸಿ ತಾಲೂಕಿನ ಮತ್ತಿಘಟ್ಟದ ಮಗಳು. ಕಿವಿಗೆ ಮೊಬೈಲು ಹಿಡಿದು ತಾಯಿಯೊಡನೆ ಮನೆಮಾತಿನಲ್ಲಿ ಮಾತಾಡುತ್ತಲೇ ಗೇಟು ದಾಟಿದಳು: “ಆಯಿ, ಆನು ಸಂಜೆಗೆ ಮನೆಗೆ ಬರ್ತೆ. ವಸ್ತ್ರ ಒಣಗ್ತೋ ಇಲ್ಯೋ ಹೇಳಿ ಎನ್ನ ಕೇಳಡ, ಅಂಗಳಕ್ಕೆ ಹೋಗಿ ನೋಡು.” ಮೊಬೈಲು ಚೀಲಕ್ಕೆ ಹಾಕಿ ನೇರ ಯಂತ್ರದ ಹತ್ತಿರ ಹೋಗಿ, ಜೊತೆಗೆ ಬಂದ ಹುಡುಗನಿಂದ ಬಿಳಿ ತಟ್ಟೆಗಳ ಗೂಡು ಬಿಚ್ಚಿಸಿದಳು.

ಒಳಗಿನ ಬೆರಳುದ್ದದ ಕಣ್ಣಿನ ಮುಚ್ಚಳ ತೆಗೆದರೆ ಅದರಿಂದ ನೀರು ಇಳಿಯಿತು. ಸುತ್ತ ಹಸಿರು ಪಾಚಿ.

“ಜೂನ್ ಕೊನೆಯಿಂದ ಇದು ಮುಳುಗಿ ಕೂತಿದೆ ಗಣಪಣ್ಣ. ನೀರೊಳಗೆ ಕೂತವನನ್ನ ಗಾಳಿ ಹೇಗಿದೆ ಅಂತ ಕೇಳಿದ್ರೆ ಮತ್ತೆಂತ ಹೇಳ್ತಾನೆ? ನೂರು ಅಂತಾನೆ.”

ಗಣಪ ಪಾಚಿಯನ್ನು ಉಗುರಿನಿಂದ ಕೆರೆದು ನೋಡಿದ.

“ಕಚೇರಿಯಲ್ಲಿ ಕಂಪ್ಯೂಟರ್ ತನ್ನಷ್ಟಕ್ಕೆ ಸಂದೇಶ ಕಳಿಸ್ತಾ ಇತ್ತು. ಹೆಬ್ಬೆರಳೂ ಅದೇ ಕಳಿಸಿದ್ದು. ನಾನು ಕೆಲಸಕ್ಕೆ ಸೇರಿ ಜುಲೈ ತಿಂಗಳ ನಿಮ್ಮ ಅಂಕಿ ನೋಡಿದೆ. ಗಾಳಿ ಹೊತ್ತು ಏರಿದ ಹಾಗೆ ಒಣಗಬೇಕು, ಹೊತ್ತು ಇಳಿದ ಹಾಗೆ ನೆನೀಬೇಕು. ನಿಮ್ಮ ಅಂಕಿ ಉಸಿರಾಡ್ತಾ ಇದೆ. ಇದರದ್ದು ಸತ್ತು ಮಲಗಿದೆ. ನೀವಿಬ್ಬರೂ ಹೊಂದಲಿಲ್ಲ ಅಂತಲೇ ಯಂತ್ರ ಕೆಟ್ಟಿದ್ದು ನನಗೆ ಗೊತ್ತಾಯ್ತು. ಪೆಟ್ಟಿಗೆ ಉಳಿಸಬೇಕು ಅಂತ ಬರೆಯೋದಕ್ಕೇ ಬಂದಿದ್ದೇನೆ. ವಹಿ ಕೊಡಿ.”

ಆ ಹೊತ್ತಿಗೆ ದುರ್ಗಿ ತಟ್ಟೆಯಲ್ಲಿ ಚಾ, ಅವಲಕ್ಕಿ ಹಿಡಿದುಕೊಂಡು ಬಂದಳು. ಮೇಧಾ ಪೆಟ್ಟಿಗೆಯ ನೆರಳಿನಲ್ಲಿ ಕೂತು ಹಾಳೆ ತಿರುವಿದಳು. ಜುಲೈ, ಆಗಸ್ಟ್ ಮೊದಲ ಪಕ್ಷ, ಎಲ್ಲ ಸರಿ, ತಲೆಯಾಡಿಸುತ್ತ ಬಂದಳು. ಹದಿನೆಂಟನೆಯ ತಾರೀಖಿನ ಮೇಲೆ ಅವಳ ಬೆರಳು ನಿಂತಿತು. ಅಲ್ಲಿಂದ ಕೆಳಗೆ ನೂರು, ನೂರು, ನೂರು. ಇರುವೆ ಸಾಲಿನ ಹಾಗೆ ನೂರು.

“ಇಲ್ಲಿಂದ ನಿಮ್ಮದೂ ಹೊಂದಿಬಿಟ್ಟಿದೆಯಲ್ಲ.”

ಗಣಪ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

“ಬತ್ತಿ ಒಣಗಿತ್ತಾ?” ಎಂದಳು ಮೇಧಾ. ದಾರಿ ತೋರಿಸುವ ಹಾಗೆಯೇ ಕೇಳಿದಳು. “ನೀರು ಮುಗಿದು ಬತ್ತಿ ಒಣಗಿದ್ರೆ ಒದ್ದೆಕಡ್ಡಿನೂ ಒಣಕಡ್ಡಿ ಹೇಳಿದ್ದನ್ನೇ ಹೇಳ್ತದೆ. ಎಲ್ಲಾ ಕಡೆ ಆಗೋದೇ. ಆಗ ಇಪ್ಪತ್ತೊಂದು ದಿನ ಬಿಟ್ಟು ಉಳಿದದ್ದನ್ನ ತಗೊಳ್ತೇನೆ, ಮುಗೀತು.”

ಎಂಥ ಚಂದದ ಬಾಗಿಲು! ಸ್ವತಃ ವಿಜ್ಞಾನವೇ ಬಂದು ತೆರೆದು ನಿಂತಿತ್ತು. ಒಣಗಿದ ಬತ್ತಿಗೂ ಸುಳ್ಳು ಬರೆದ ಕೈಗೂ ವಹಿಯಲ್ಲಿ ಕೂದಲಿನಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಗಣಪ ‘ಹ್ಞೂ’ ಎಂದು ತಲೆಯಾಡಿಸಿದ್ದರೆ ಬ್ರಹ್ಮನೂ ಅಲ್ಲ ಎನ್ನುವ ಹಾಗಿರಲಿಲ್ಲ.

ಬ್ರಹ್ಮ ಸುಮ್ಮನಿದ್ದ. ದುರ್ಗಿ ಸುಮ್ಮನಿರಲಿಲ್ಲ. ತಟ್ಟೆಯನ್ನು ಠಪ್ಪೆಂದು ಕಲ್ಲಿನ ಮೇಲಿಟ್ಟಳು.

“ಯಾವ ಬತ್ತಿ ಒಣಗಿದ್ದು? ನೀರು ಹಾಕ್ವವಳು ನಾನು ಅಮ್ಮಾ. ಚೌತಿ ದಿನ ಮಿಂದು ಮಡಿಯಲ್ಲಿ ಬಂದು ಹಾಕಿದ್ದೆ. ನಂಗೆ ಜ್ವರ ಬಂದಾಗೂ ಹಾಕಿದ್ದೆ. ಇಪ್ಪತ್ತೊಂದು ದಿನ ಅಲ್ಲ, ಒಂದು ಹೊತ್ತು ಆ ಬಾಟಲಿ ಖಾಲಿ ಆಗಿದ್ರೆ ನನ್ನ ಕೇಳಿ. ಹೇಳ್ರಿ ನೀವು,” ಎಂದು ಗಂಡನ ಕಡೆ ತಿರುಗಿದಳು. “ಬಾಯಲ್ಲಿ ಅವಲಕ್ಕಿ ಇದ್ದಾ? ಹೇಳ್ರಿ, ಬತ್ತಿ ಒಣಗಿತ್ತಾ?”

ಗಣಪ ಪೆಟ್ಟಿಗೆ ನೋಡಿದ. ಹೆಂಡತಿಯನ್ನು ನೋಡಿದ. ಸವತಿ ಎಂದು ಬೈಯುತ್ತಲೇ ಅವಳು ಅದಕ್ಕೆ ಎಷ್ಟು ಸೀರೆ ಹರಿದಿದ್ದಾಳೆ ಎಂಬುದು ಅವನಿಗೆ ಆಗಲೇ ಮೊದಲು ಹೊಳೆದಿರಬೇಕು.

“ಬತ್ತಿಗೆ ಎಂತಾ ಆಗಿದ್ದಿಲ್ಲ ಮೇಡಂ,” ಎಂದ. “ನಾ ನೋಡಿದ್ದೇ ಇಲ್ಲ. ಯಂತ್ರ ನೋಡಿ ನೂರು ಬರ್ದೆ.”

“ಯಾಕೆ?”

“ಹೊಂದಬೇಕು ಹೇಳಿದ್ರು. ಹೊಂದಿಸ್ದೆ. ಪೆಟ್ಟಿಗೆ ಉಳೀಲಿ ಹೇಳಿ.”

ಹೆದ್ದಾರಿಯಲ್ಲಿ ಒಂದು ಲಾರಿ ಗೇರು ಬದಲಿಸಿದ್ದು ಕೇಳಿತು. ಮೇಧಾ ವಹಿ ಮುಚ್ಚಿ ಮೊಣಕಾಲಿನ ಮೇಲಿಟ್ಟುಕೊಂಡಳು.

“ಗಣಪಣ್ಣ, ನಾನು ಕೇಳಿಸಿಕೊಂಡಿಲ್ಲ ಅಂತ ತಿಳ್ಕೊಳ್ಳಿ. ಬತ್ತಿ ಒಣಗಿತ್ತು ಅಂತ ಬರೆದ್ರೆ ಒಂದು ಸಾಲು. ವೀಕ್ಷಕ ಸುಳ್ಳು ಬರೆದ ಅಂತ ಬರೆದ್ರೆ ಇಪ್ಪತ್ತನಾಲ್ಕು ವರ್ಷದ ವಹಿನೆಲ್ಲಾ ಅನುಮಾನ ಮಾಡ್ತಾರೆ. ಆಗ ಪೆಟ್ಟಿಗೆ ಉಳೀತದೆ ಅಂತ ನಾನು ಹೇಳಲಾರೆ. ನಿಮ್ಮ ಹೆಸರೂ ಉಳಿಯೂದಿಲ್ಲ.”

“ಬತ್ತಿ ಮೇಲೆ ಹಾಕಿದ್ರೆ ಇವ್ಳ ಮೇಲೆ ಹಾಕಿದಂಗೆ,” ಎಂದ ಗಣಪ. “ಅದು ಆಗೂದಿಲ್ಲ. ವಹಿ ಕೊಡಿ ಇಲ್ಲಿ.”

ವಹಿಯ ಪ್ರತಿ ಹಾಳೆಯ ಬಲ ತುದಿಯಲ್ಲಿ ‘ಷರಾ’ ಎಂದು ಎರಡು ಬೆರಳು ಅಗಲದ ಒಂದು ಅಂಕಣ ಇರುತ್ತದೆ. ಗುಡುಗು, ಮಂಜು, ಆಲಿಕಲ್ಲು ಬರೆಯುವುದಕ್ಕೆ ಮಾಡಿದ್ದು. ಮನುಷ್ಯನ ತಪ್ಪಿಗೆ ಅಲ್ಲಿ ಜಾಗ ಸಾಲದು. ಗಣಪ ಅಕ್ಷರ ಚಿಕ್ಕದು ಮಾಡಿ, ಕೆಳಗೆ ಕೆಳಗೆ ಇಳಿಸಿಕೊಂಡು ಬರೆದ: ‘ಆಗಸ್ಟ್ ೧೮ರಿಂದ ಸೆಪ್ಟೆಂಬರ್ ೭ರ ತನಕ ಒದ್ದೆಕಡ್ಡಿ ನೋಡಲಿಲ್ಲ. ಯಂತ್ರ ನೋಡಿ ಬರೆದೆ. ಬತ್ತಿ ಸರಿ ಇತ್ತು. ನೀರು ಸರಿ ಇತ್ತು. ಗಣಪ.’ ಬರೆದು ಮುಗಿಸುವಾಗ ಎಂಟೂವರೆ ಆಗಿತ್ತು. ಎದ್ದು ಪೆಟ್ಟಿಗೆಯ ಬಾಗಿಲು ತೆಗೆದು ಎರಡೂ ಕಡ್ಡಿ ಓದಿದ. ಎಂಬತ್ತಾರು.

ದುರ್ಗಿ ಆ ದಿನ ಅವನೊಡನೆ ಮಾತಾಡಲಿಲ್ಲ. ಮರುದಿನ ಮಾತಾಡಿದಳು, ಮಾತಾಡದಿದ್ದರೇ ಚೆನ್ನಾಗಿತ್ತು. “ಕಂಬಕ್ಕೆ ಹೆದರಿ ಸುಳ್ಳು ಬರೆದ್ರಲ್ಲ! ನನ್ನ ಸೀರೆಗಾದ್ರೂ ಮರ್ಯಾದೆ ಕೊಡೂದಲ್ವಾ?”

ಸುದ್ದಿ ಚಾದಂಗಡಿಗೆ ಹೋಗುವುದಕ್ಕೆ ಆವಿಯಷ್ಟೂ ಹೊತ್ತು ಬೇಕಾಗಲಿಲ್ಲ. ಗಣಪ ಎರಡು ದಿನ ಆ ಕಡೆ ಸುಳಿಯಲಿಲ್ಲ. ಮೂರನೆಯ ದಿನ, ಇನ್ನು ಏನಾದರಾಗಲಿ ಎಂದು ಹೋದ. ಮೂಲೆಯ ಬೆಂಚಿನವರು ಎದ್ದು ಜಾಗ ಬಿಟ್ಟರು. ಪ್ರಮೋದ ಕೇಳದೆಯೇ ಚಾ ತಂದಿಟ್ಟ.

“ಹೌದಾ ಗಣಪಣ್ಣ, ಇಪ್ಪತ್ತೊಂದು ದಿನ ಸುಳ್ಳು ಬರ್ದಿದ್ಯಂತೆ?”

“ಹೌದು.”

“ಅಂದ್ರೆ, ಉಳಿದ ದಿನ ಎಲ್ಲಾ ನಿಜವಾಗೂ ನೋಡಿ ಬರ್ದಿದ್ಯಾ?” ಪ್ರಮೋದನ ದನಿಯಲ್ಲಿ ಗಾಬರಿಯೇ ಇತ್ತು. “ನಾವು, ಮನೇಲಿ ಕೂತು ಅಂದಾಜು ಹಾಕ್ತ್ಯ ಅಂತ ಮಾಡಿದ್ವಲ್ಲಾ!”

ಎಂಟು ಸಾವಿರ ಚಿಲ್ಲರೆ ದಿನ ನಿಜ ಬರೆದಾಗ ಊರು ಅವನನ್ನು ನಂಬಿರಲಿಲ್ಲ. ಇಪ್ಪತ್ತೊಂದು ದಿನ ಸುಳ್ಳು ಬರೆದೆ ಎಂದ ಮೇಲೆ ಉಳಿದದ್ದೆಲ್ಲ ನಿಜವೆಂದು ಒಪ್ಪಿಕೊಂಡಿತು. ಅಂದಿನಿಂದ ಹಪ್ಪಳ ಹಚ್ಚುವವರು, ಕಾಳುಮೆಣಸು ಒಣಗಿಸುವವರು ಬೆಳಿಗ್ಗೆ ಕೇಳಿಕೊಂಡು ಹೋಗತೊಡಗಿದರು: “ಗಣಪಣ್ಣ, ಇವತ್ತು ಗಾಳಿಗೆ ಬಾಯಾರಿಕೆ ಹೆಂಗಿದೆ?”

ಕಚೇರಿಯ ಉತ್ತರ ಮಾತ್ರ ಬರಲಿಲ್ಲ. ಉತ್ತರೆ ಮಳೆ ಹೋಯಿತು, ಹಸ್ತ ಹೋಯಿತು. ಗಣಪ ದಿನವೂ ಬಾಗಿಲು ತೆಗೆಯುವಾಗ ಇದೇ ಕೊನೆಯ ಸಲವೋ ಏನೋ ಎಂದುಕೊಂಡು, ಎರಡು ಸಲ ಓದಿ ಬರೆಯುತ್ತಿದ್ದ. ಕೊನೆಗೆ ಪತ್ರ ಬಂತು. ಅದರ ಒಕ್ಕಣೆ ಇಷ್ಟು: ವೀಕ್ಷಕರ ಷರಾ ಗಮನಿಸಲಾಗಿದೆ. ಯಂತ್ರದ ದುರಸ್ತಿ ಆಗುವ ತನಕ ಪೆಟ್ಟಿಗೆಯ ವೀಕ್ಷಣೆ ತಾತ್ಕಾಲಿಕವಾಗಿ ಮುಂದುವರಿಯತಕ್ಕದ್ದು. ಆದರೆ ವೀಕ್ಷಕರ ಮೇಲೆ ಪೂರ್ಣ ಭರವಸೆ ಇಡುವಂತಿಲ್ಲವಾದ್ದರಿಂದ, ಪ್ರತಿ ಅಳತೆಯನ್ನೂ ಇನ್ನೊಬ್ಬ ವ್ಯಕ್ತಿ ಸ್ವತಃ ಓದಿ ಸಹಿ ಮಾಡತಕ್ಕದ್ದು.

ಬೆಳಿಗ್ಗೆ ಎಂಟೂವರೆಗೂ ಸಂಜೆ ಐದೂವರೆಗೂ, ವರ್ಷದ ಅಷ್ಟೂ ದಿನ, ಕಾಣದ ವಸ್ತುವಿಗೆ ಸಹಿ ಹಾಕುವುದಕ್ಕೆ ಯಾರು ಬರುತ್ತಾರೆ? ಪ್ರಮೋದ ಅಂಗಡಿ ಬಿಡಲಾರ. ಮೇಧಾಳಿಗೆ ಫೋನು ಮಾಡಿದರೆ, “ಮನೆಯವರು ಆಗಬಾರದು ಅಂತ ಪತ್ರದಲ್ಲಿ ಇಲ್ಲವಲ್ಲ ಗಣಪಣ್ಣ,” ಎಂದು ನಕ್ಕಳು.

ದುರ್ಗಿ ಓದಿದ್ದು ನಾಲ್ಕನೆಯ ಇಯತ್ತೆ. ಮೊದಲ ದಿನ ಚಿತ್ತೆ ಮಳೆಯ ತುಂತುರು ಇತ್ತು. ಒಂದೇ ಕೊಡೆಯಲ್ಲಿ ಇಬ್ಬರೂ ಹೋದರು. ಅವಳು ಕನ್ನಡಕ ಏರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೆಟ್ಟಿಗೆಯ ಮುಂದೆ ನಿಂತಳು. ಗಣಪ ಓದಿದ: “ಒದ್ದೆಕಡ್ಡಿ ಇಪ್ಪತ್ತೆರಡು ಪಾಯಿಂಟ್ ಆರು.” ಬರೆದ.

“ನಾಲ್ಕು,” ಎಂದಳು ದುರ್ಗಿ.

“ಆರು ಮಾರಾಯ್ತಿ. ಇಪ್ಪತ್ತನಾಲ್ಕು ವರ್ಷದಿಂದ ನೋಡ್ತಾ ಇದ್ದೆ.”

“ಇಪ್ಪತ್ತೊಂದು ದಿನ ಬಿಟ್ಟು,” ಎಂದಳು. “ಮೊಣಕಾಲು ನೋವು ಬಂದ ಮೇಲೆ ನೀವು ಬಗ್ಗೂದಿಲ್ಲ. ಮೇಲಿಂದ ನೋಡಿದ್ರೆ ಆರೇ ಕಾಣ್ತದೆ. ಕಣ್ಣು ಕಡ್ಡಿ ಸಮಕ್ಕೆ ತಂದು ನೋಡಿ.”

ಗಣಪ ಒಂದು ಕೈ ಪೆಟ್ಟಿಗೆಯ ಕಾಲಿಗೆ ಕೊಟ್ಟು, ಹಲ್ಲು ಕಚ್ಚಿ ಬಗ್ಗಿದ. ಬಹಳ ಹೊತ್ತು ನೋಡಿದ. ಮೇಲೆದ್ದು, ಆರನ್ನು ಹೊಡೆದು ಪಕ್ಕದಲ್ಲಿ ನಾಲ್ಕು ಎಂದು ಬರೆದ. ಪೆನ್ನು ಅವಳ ಕಡೆ ಚಾಚಿದ.

ದುರ್ಗಿ ಪೆನ್ನು ತೆಗೆದುಕೊಳ್ಳಲಿಲ್ಲ. “ಒಣಕಡ್ಡಿನೂ ಇನ್ನೊಂದ್ಸಲ ಬಗ್ಗಿ ನೋಡಿ,” ಎಂದಳು.